ನಶ್ಯದ ಡಬ್ಬಿಯಲ್ಲಿ ಬಂದ ಸಾಲು

ತೀರಿಕೊಂಡ ನಂಜುಂಡಯ್ಯ ಮೇಷ್ಟ್ರ ಶಿವಗಣಾರಾಧನೆಗೆಂದು ಗುಂಡ್ಲುಪೇಟೆಗೆ ಹೋಗಿದ್ದೆ. ನನಗೇನೂ ಹೋಗುವ ಆಸೆ ಇರಲಿಲ್ಲ. ಕಾರ್ಡು ಬಂದದ್ದು ಮನೆಯವರ ಹೆಸರಿಗೆ. ಅವರಿಗೆ ಮಂಡಿನೋವು, ಬಸ್ಸು ಹತ್ತುವ ಹಾಗಿಲ್ಲ. "ನೀನೇ ಓಗ್ಬುಟ್ಟು ಬಾ, ಮುಖ ತೋರ್ಸುದ್ರಾಯ್ತು" ಎಂದರು. ತೆರಕಣಾಂಬಿ ದಾಟಿದ ಮೇಲೆ ಚೆಂಡು ಹೂವಿನ ಹೊಲಗಳು ಶುರುವಾದವು. ಊರೂರಿನವರು ಕಾರು ನಿಲ್ಲಿಸಿಕೊಂಡು ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಆ ಹೂವಿನ ವಾಸನೆ ಕಂಡರಾಗುವುದಿಲ್ಲ, ಕಿಟಕಿಯ ಗಾಜು ಎಳೆದುಕೊಂಡು ಕೂತೆ.

ಮೇಷ್ಟ್ರ ಮನೆಯಲ್ಲಿ ಅವರ ಫೋಟೋ ಮುಂದೆ ಎಡೆ ಇಟ್ಟಿದ್ದರು. ಕಜ್ಜಾಯ, ಚಕ್ಕುಲಿ, ಬಾಳೆಹಣ್ಣು, ಅವರ ಕನ್ನಡಕ, ಪಕ್ಕದಲ್ಲಿ ಮುಚ್ಚಳ ತೆಗೆದ ನಶ್ಯದ ಡಬ್ಬಿ. ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕಲ್ಲ, ಇಟ್ಟಿದ್ದರು. ಬಗ್ಗಿ ಕೈ ಮುಗಿಯುವಷ್ಟರಲ್ಲಿ ಘಾಟು ಮೂಗಿಗೆ ಬಡಿದು ಸೀನು ಬಂತು. ಹಿಂದೆ ನಿಂತಿದ್ದ ಯಾರೋ ಹೆಂಗಸು "ಶಿವ ಶಿವ" ಎಂದಳು. ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಒಂದು ವರ್ಷದ ಆಷಾಢದಿಂದ ದೀಪಾವಳಿಯವರೆಗೆ ದಿನ ಬಿಟ್ಟು ದಿನ ನಾನು ಇದೇ ಡಬ್ಬಿಗೆ ಸೀನಿದ್ದೆ.

ಅದು ಎರಡು ಸಾವಿರದ ಎಂಟನೇ ಇಸವಿ ಇರಬೇಕು. ಚಾಮರಾಜನಗರದಲ್ಲಿ ಅರಿಸಿನದ ಮಂಡಿ ಇಟ್ಟುಕೊಂಡಿದ್ದ ಗುರುಮಲ್ಲಪ್ಪನವರು ಒಂದು ಟ್ರಸ್ಟ್ ಮಾಡಿದ್ದರು, ಅದಕ್ಕೆ ತಾವೇ ಅಧ್ಯಕ್ಷರು. ಹಳ್ಳಿ ಹೈಸ್ಕೂಲುಗಳಿಗೆ ಹಳೆಯ ಕಂಪ್ಯೂಟರುಗಳನ್ನು ಕೊಡುವುದು, ಅವುಗಳಲ್ಲಿ ಎಲ್ಲವೂ ಕನ್ನಡದಲ್ಲೇ ಕಾಣುವ ಹಾಗೆ ಮಾಡುವುದು ಅವರ ಹಂಬಲ. ಒತ್ತುವ ಗುಂಡಿ, ಬರುವ ಎಚ್ಚರಿಕೆ, ಕಸದ ಬುಟ್ಟಿ, ಎಲ್ಲವೂ ಕನ್ನಡ. ಸಾವಿರಾರು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳನ್ನು ಒಂದೊಂದಾಗಿ ಕನ್ನಡಕ್ಕೆ ತರಬೇಕಿತ್ತು. ಈ ಕೆಲಸಕ್ಕೆ ಮೂರು ಜನ. ಮಂಡಿಯ ಮೇಲಿನ ಕೋಣೆಯಲ್ಲಿ ವಿಂಡೋಸ್ ಕಂಪ್ಯೂಟರಿನ ಮುಂದೆ ನಾನು. ಗುಂಡ್ಲುಪೇಟೆಯಲ್ಲಿ ಲಿನಕ್ಸ್ ಎನ್ನುವ ಬೇರೆ ಬಗೆಯ ಕಂಪ್ಯೂಟರ್ ಇಟ್ಟುಕೊಂಡಿದ್ದ ಭೀಮನಬೀಡಿನ ಮಾದೇವ, ಯಂತ್ರದ ಕೆಲಸವೆಲ್ಲ ಅವನದು. ಅದೇ ಊರಿನಲ್ಲಿ ಪದಗಳನ್ನು ತಿದ್ದಲು ರಿಟೈರಾಗಿದ್ದ ನಂಜುಂಡಯ್ಯ ಮೇಷ್ಟ್ರು. ಯಾರೋ ದಾನ ಕೊಟ್ಟಿದ್ದ ಮ್ಯಾಕ್ ಕಂಪ್ಯೂಟರು ಯಾರಿಗೂ ಬೇಡವಾಗಿ ಅವರ ಪಾಲಿಗೆ ಬಂದಿತ್ತು. ಗುರುಮಲ್ಲಪ್ಪನವರಿಗೆ ಅಕ್ಷರ ಕಲಿಸಿದವರು ಈ ಮೇಷ್ಟ್ರೇ. ಸಿಕ್ಕಲ್ಲಿ ಸಿಕ್ಕಲ್ಲಿ ಅಧ್ಯಕ್ಷರು ನಾಲ್ಕು ಜನರ ಮುಂದೆ ಗುರುಗಳ ಕಾಲಿಗೆ ಬೀಳುತ್ತಿದ್ದರು.

ನನಗೆ ಆ ಕೆಲಸ ಎಂದರೆ ಬರೀ ಕೆಲಸವಲ್ಲ. ಕುದೇರಿನ ನಮ್ಮ ಮನೆಯಲ್ಲಿ ನಾನು ಹುಟ್ಟಿದಾಗಲೇ ನನ್ನನ್ನು ಅವ್ವನ ತಮ್ಮ ಬಸವಣ್ಣನಿಗೆ ಎಂದು ಇಟ್ಟಾಗಿತ್ತು. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಹೊಸದೇನಲ್ಲ. ಆದರೆ ನನ್ನ ಮೂಗು ಒರೆಸಿದವನು ಆ ಮಾವ. ಸ್ಲೇಟು ಬಳಪ ತಂದುಕೊಟ್ಟವನು, ಹೆಗಲ ಮೇಲೆ ಕೂರಿಸಿಕೊಂಡು ಗೋಪಾಲಸ್ವಾಮಿ ಬೆಟ್ಟ ತೋರಿಸಿದವನು. ಕೆಟ್ಟವನಲ್ಲ, ದೇವರಂಥ ಮನುಷ್ಯ. ಅವನ ಪಕ್ಕದಲ್ಲಿ ಮಲಗುವುದನ್ನು ನೆನೆಸಿಕೊಳ್ಳಲೂ ನನ್ನಿಂದ ಆಗುತ್ತಿರಲಿಲ್ಲ. ಅತ್ತು ಕರೆದೆ, ಕೂಗಾಡಿದೆ, ಊಟ ಬಿಟ್ಟೆ. ಕೊನೆಗೆ ಅಪ್ಪ ಒಂದು ಮಾತು ಹೇಳಿದ.

"ಕೆಲ್ಸ ಇರೋಗಂಟ ನಾನು ಮದ್ವೆ ಮಾತು ಎತ್ತಕ್ಕಿಲ್ಲ. ಕೆಲ್ಸ ಓದ್ ದಿನ ನೀನು ಬಾಯಿ ಬುಡಂಗಿಲ್ಲ. ಸರಿಯಾ?"

ಸರಿ ಎಂದೆ. ಆಷಾಢದ ಗಾಳಿ ಊರನ್ನೇ ಎತ್ತಿಕೊಂಡು ಹೋಗುವ ಹಾಗೆ ಬೀಸುತ್ತಿದ್ದ ಒಂದು ಬೆಳಿಗ್ಗೆ ಕೆಲಸಕ್ಕೆ ಸೇರಿದೆ. ಕಿಟಕಿ ತೆಗೆದರೆ ಕೆಳಗಿನ ಮಂಡಿಯ ಅರಿಸಿನದ ಧೂಳು ಕೀಬೋರ್ಡಿನ ಮೇಲೆಲ್ಲ ಕೂರುತ್ತಿತ್ತು. ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಆದರೂ ಆ ಕೋಣೆಯಷ್ಟು ಸುಖದ ಜಾಗ ನನಗೆ ಮುಂದೆಲ್ಲೂ ಸಿಗಲಿಲ್ಲ.

ಮೊದಲ ತಿಂಗಳು ಬರೀ ಗಲಾಟೆ. ನಾನು ತಿದ್ದಿದ ಫೈಲಿನ ಮೇಲೆ ಮೇಷ್ಟ್ರು ತಮ್ಮ ಫೈಲು ಹಾಕುವರು, ಅದರ ಮೇಲೆ ಮಾದೇವ ತನ್ನದು ಹಾಕುವನು. ಯಾವುದು ಹೊಸದು, ಯಾವುದು ಹಳೆಯದು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಒಂದು ವಾರ ಮಾಡಿದ ಕೆಲಸ ಹೀಗೇ ಮಣ್ಣುಪಾಲಾದಾಗ ಮಾದೇವ ಬಸ್ಸು ಹತ್ತಿ ಬಂದು, ಯಾರು ಯಾವ ಸಾಲು ಬರೆದರು ಎಂದು ಲೆಕ್ಕ ಇಡುವ ಗಿಟ್ ಎನ್ನುವುದೊಂದನ್ನು ಮೂರೂ ಕಂಪ್ಯೂಟರಿಗೆ ಹಾಕಿದ. ಲಿನಕ್ಸಿನಲ್ಲಿ ಅದು ಚಿಟಿಕೆ ಹೊಡೆಯುವುದರಲ್ಲಿ ಕೂತಿತಂತೆ. ನನ್ನ ವಿಂಡೋಸಿನಲ್ಲಿ ಒಂದು ಇಡೀ ದಿನ ಹಿಡಿಯಿತು. ಮ್ಯಾಕಿನದು ಬೇರೆಯೇ ಕಿತಾಪತಿ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳನ್ನು ಅದು ಒಳಗೊಳಗೇ ತನಗೆ ಬೇಕಾದ ಹಾಗೆ ಬರೆದುಕೊಂಡು, ಒಂದೇ ಫೈಲನ್ನು ಎರಡು ಎನ್ನುತ್ತಿತ್ತು. ಕನ್ನಡ ಮಾಡಲು ಕೂತವರು ಕೊನೆಗೆ ಫೈಲುಗಳಿಗೆಲ್ಲ ಇಂಗ್ಲಿಷ್ ಹೆಸರಿಟ್ಟೆವು.

"ಇದ್ರಾಗೆ ದೊಡ್ಡ ಮಿಷಿನ್ನು, ಚಿಕ್ ಮಿಷಿನ್ನು ಅಂತ ಇಲ್ಲ ಕಣಮ್ಮಿ" ಎಂದು ಮಾದೇವ ವಿವರಿಸಿದ. "ಮೂರ್ ಜನುದ್ ತಾವೂ ಪೂರ್ತಿ ಇರ್ತದೆ. ಇವತ್ತಿಂದಲ್ಲ, ಮೊದುಲ್ನೇ ದಿನದಿಂದ ಯಾರ್ ಏನ್ ಮಾಡುದ್ರು ಅನ್ನೋದೆಲ್ಲ. ಒಂದ್ ಮಿಷಿನ್ ಸತ್ರೂ ಏನೂ ಓಗಕ್ಕಿಲ್ಲ."

ಹೇಳುವಾಗ ಅವನ ಮುಖ ಅರಳಿಕೊಂಡಿತ್ತು. ಅವನು ಬರುವ ದಿನ ನಾನು ಒಳ್ಳೆಯ ಸೀರೆ ಉಡುತ್ತಿದ್ದೆ. ಅವನ ಮೇಲೆ ಆಸೆ ಇರಲಿಲ್ಲ ಎಂದರೆ ಸುಳ್ಳು.

ಎರಡೂ ಊರಿನ ನಡುವೆ ಇಂಟರ್ನೆಟ್ ಎನ್ನುವುದು ಇದ್ದೂ ಇಲ್ಲದ ಹಾಗಿತ್ತು. ಹಾಗಾಗಿ ನಮ್ಮ ಕೆಲಸ ಖಾಸಗಿ ಬಸ್ಸಿನಲ್ಲಿ ಓಡಾಡುತ್ತಿತ್ತು. ಮೇಷ್ಟ್ರು ತಮ್ಮ ಖಾಲಿ ನಶ್ಯದ ಡಬ್ಬಿಯಲ್ಲಿ ಪೆನ್ ಡ್ರೈವ್ ಇಟ್ಟು, ರಬ್ಬರ್ ಬ್ಯಾಂಡ್ ಸುತ್ತಿ, ಹೂವಿನ ಮೂಟೆಗಳನ್ನು ಹೇರಿಕೊಂಡು ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು, ಡಬ್ಬಿ ತೆಗೆದು, ಸೀನಿ, ಅವರಿಬ್ಬರ ಕೆಲಸವನ್ನು ನನ್ನದಕ್ಕೆ ಸೇರಿಸಿಕೊಂಡು, ನನ್ನದನ್ನು ತುಂಬಿ ಸಂಜೆ ಬಸ್ಸಿಗೆ ಹಾಕುತ್ತಿದ್ದೆ. "ಏನವ್ವ, ಮೇಷ್ಟ್ರು ನಿನ್ಗೂ ನಶ್ಯದ್ ಚಟ ಅಂಟ್ಸುದ್ರಾ?" ಎಂದು ಕಂಡಕ್ಟರ್ ಹಂಗಿಸುತ್ತಿದ್ದ. ಚೆಂಡು ಹೂವು ಮತ್ತು ನಶ್ಯ ಬೆರೆತ ಆ ವಾಸನೆ ಬಂತೆಂದರೆ ಕೆಲಸ ಬಂತು, ಇನ್ನೊಂದು ದಿನ ನಾನು ಯಾರ ಹೆಂಡತಿಯೂ ಅಲ್ಲ ಎಂದು ಅರ್ಥ.

ಇಷ್ಟು ಹೊತ್ತಿಗೆ ಮೇಷ್ಟ್ರಿಗೂ ಅಧ್ಯಕ್ಷರಿಗೂ ಒಳಗೊಳಗೇ ಹತ್ತಿಕೊಂಡಿತ್ತು. ಮೇಷ್ಟ್ರು ಯೋಚಿಸಿ ಯೋಚಿಸಿ ಇಟ್ಟ ಪದಗಳನ್ನು ಅಧ್ಯಕ್ಷರು ಮಂಡಿಯಲ್ಲಿ ಕೂತು, ತೂಕ ನೋಡುತ್ತಲೇ ಬದಲಾಯಿಸುತ್ತಿದ್ದರು. ಎದುರಿಗೆ ಮೇಷ್ಟ್ರು ಏನೂ ಅನ್ನುತ್ತಿರಲಿಲ್ಲ. "ಅವ್ರ ದುಡ್ಡು, ಅವ್ರ ಕನ್ನಡ" ಎಂದು ನನ್ನ ಹತ್ತಿರ ಫೋನಿನಲ್ಲಿ ಹೇಳಿ ಸುಮ್ಮನಾಗುತ್ತಿದ್ದರು.

ದಸರಾ ಕಳೆದ ಮೇಲೆ ಒಂದು ಸಂಜೆ ಗುಡುಗು ಮಳೆ ಬಂತು. ಮಂಡಿಗೆ ಸಿಡಿಲು ಹೊಡೆದು ನನ್ನ ಕಂಪ್ಯೂಟರಿನ ಡಿಸ್ಕ್ ಸುಟ್ಟುಹೋಯಿತು. ನಾನು ಅಳುತ್ತಾ ಕೂತಿದ್ದೆ. ಮಾದೇವ ಬಂದವನು ಹೊಸ ಡಿಸ್ಕ್ ಹಾಕಿ, ಪೆನ್ ಡ್ರೈವಿನಿಂದ ಎಲ್ಲವನ್ನೂ ಇಳಿಸಿಕೊಟ್ಟ. ಒಂದು ಸಾಲೂ ಹೋಗಿರಲಿಲ್ಲ. "ಏಳಿರ್ನಿಲ್ವ ನಾನು?" ಎಂದು ಬೀಗಿದ. ರಾಜ್ಯೋತ್ಸವ ಹತ್ತಿರ ಬಂದಿತ್ತು, ಆವತ್ತು ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಂಪ್ಯೂಟರುಗಳ ಉದ್ಘಾಟನೆ ಇತ್ತು. ಅವನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ಅವಸರದಲ್ಲಿ ಅವನು ನನ್ನ ಗಿಟ್‌ನಲ್ಲಿ ಹಾಕಬೇಕಾಗಿದ್ದ ಒಂದು ಸೆಟ್ಟಿಂಗ್ ಮರೆತು ಹೋದ.

ಆ ಸೆಟ್ಟಿಂಗ್ ಏನೆಂದರೆ ಇಷ್ಟೇ. ಪ್ರತಿ ಸಾಲು ಮುಗಿದಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಲಿನಕ್ಸಿಗೂ ಮ್ಯಾಕಿಗೂ ಒಂದೇ ಗುರುತು ಸಾಕು, ವಿಂಡೋಸಿಗೆ ಎರಡು ಬೇಕು. ಸೆಟ್ಟಿಂಗ್ ಇದ್ದರೆ ಗಿಟ್ ಅದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಇಲ್ಲದಿದ್ದರೆ ನಾನು ಎರಡು ಪದ ತಿದ್ದಿ ಫೈಲನ್ನು ಉಳಿಸಿದರೂ ಎಲ್ಲ ಸಾಲುಗಳ ಕೊನೆಗೂ ಇನ್ನೊಂದು ಗುರುತು ಸೇರಿಕೊಳ್ಳುತ್ತದೆ. ಆಗ ಗಿಟ್ ಇಡೀ ಫೈಲನ್ನು ನಾನೇ ಹೊಸದಾಗಿ ಬರೆದೆ ಎಂದು ತಿಳಿಯುತ್ತದೆ. ನನಗೆ ಇದು ಆಗ ಗೊತ್ತಿರಲಿಲ್ಲ. ಎರಡು ಪದ ತಿದ್ದಿದೆ, ಉಳಿಸಿದೆ, ಡಬ್ಬಿಗೆ ಹಾಕಿ ಬಸ್ಸಿಗೆ ಕೊಟ್ಟೆ.

ಉದ್ಘಾಟನೆಯ ದಿನ ಹೈಸ್ಕೂಲಿನ ಹಾಲ್ ತುಂಬಿತ್ತು. ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕು. ಊರಿನ ದೊಡ್ಡ ಮನುಷ್ಯರೆಲ್ಲ ಮುಂದಿನ ಸಾಲಿನಲ್ಲಿ. ಗುರುಮಲ್ಲಪ್ಪನವರು ಮೇಷ್ಟ್ರ ಕಾಲಿಗೆ ಬಿದ್ದು, ಎದ್ದು, ಮೌಸ್ ಹಿಡಿದುಕೊಂಡರು. ಕಂಪ್ಯೂಟರಿನಲ್ಲಿ ಅವರಿಗೆ ಬರುತ್ತಿದ್ದದ್ದು ಒಂದೇ ಕೆಲಸ, ಬೇಡದ ಫೈಲನ್ನು ಎಳೆದು ಕಸದ ಬುಟ್ಟಿಗೆ ಹಾಕಿ ಬುಟ್ಟಿ ಖಾಲಿ ಮಾಡುವುದು. ಮಾದೇವ ಅದನ್ನೇ ಅವರಿಗೆ ವಾರವೆಲ್ಲ ಅಭ್ಯಾಸ ಮಾಡಿಸಿದ್ದ, ತನ್ನ ಹಳೆಯ ಕಂಪ್ಯೂಟರಿನಲ್ಲಿ. ಹೊಸದಾಗಿ ಬರೆದ ವಾಕ್ಯಗಳು ಅದರಲ್ಲಿ ಇರಲಿಲ್ಲ.

"ಗೋಡೆ ಮೇಲೆ ಏನ್ ಬಂದ್ರೂ ಗಟ್ಟಿಯಾಗಿ ಓದ್ರಪ್ಪ ಮಕ್ಳೆ" ಎಂದರು ಅಧ್ಯಕ್ಷರು. "ಎಲ್ಲಾ ಕನ್ನಡ ಅನ್ನೋದು ಎಲ್ರಿಗೂ ಗೊತ್ತಾಗ್ಲಿ."

ಮಕ್ಕಳು ಓದಿದರು. "ನನ್ನ ಕಡತಗಳು" ಎಂದರು. "ಕಸದ ಬುಟ್ಟಿ" ಎಂದರು. "ಖಾಲಿ ಮಾಡಲೇ?" ಎಂದರು. ಅಧ್ಯಕ್ಷರು ಖುಷಿಯಿಂದ 'ಹೌದು' ಒತ್ತಿದರು. ಗೋಡೆಯ ಮೇಲೆ ಬಂದದ್ದನ್ನು ನೂರಾರು ಮಕ್ಕಳು ಮಗ್ಗಿ ಹೇಳುವ ರಾಗದಲ್ಲಿ ಒಟ್ಟಿಗೆ ಕೂಗಿದರು.

"ಕಸವೆಲ್ಲ ಹೊರಹೋಯಿತು. ಅಧ್ಯಕ್ಷರೊಬ್ಬರು ಉಳಿದಿದ್ದಾರೆ."

ಮೊದಲು ಹಿಂದಿನ ಬೆಂಚಿನಿಂದ ನಗು ಹೊರಟಿತು. ಮುಂದಿನ ಸಾಲಿನವರು ಟವೆಲ್ ಬಾಯಿಗೆ ಒತ್ತಿಕೊಂಡರು. ಹೆಡ್‌ಮಾಸ್ಟರು ಕೋಲು ಹಿಡಿದು ಓಡಿದರು, ನಗು ಇನ್ನೂ ಜಾಸ್ತಿಯಾಯಿತು. ಗುರುಮಲ್ಲಪ್ಪನವರು ಗೋಡೆಯನ್ನೇ ನೋಡುತ್ತಾ ನಿಂತಿದ್ದರು. ಆ ಮುಖ ನೋಡಿ ನನಗೂ ಅಯ್ಯೋ ಅನ್ನಿಸಿತ್ತು. ಅದೊಂದು ಗಳಿಗೆ ಅಷ್ಟೇ.

"ಯಾರ್ ಬರ್ದದ್ದು ಇದ್ನ?"

ಮಾದೇವ ಹೆದರಿದ್ದ. ಹೆದರಿಕೊಂಡವನು ಬಾಯಿ ಮುಚ್ಚಿಕೊಳ್ಳಬೇಕು ತಾನೇ? ಇವನಿಗೆ ಜಾಣತನ ತೋರಿಸುವ ಚಪಲ. "ಒಂದೊಂದ್ ಸಾಲೂ ಯಾರ್ ಬರ್ದ್ರು ಅಂತ ಇದೇ ಏಳ್ತದೆ ಸಾರ್" ಎಂದು ಏನೋ ಒತ್ತಿದ. ಗೋಡೆ ತುಂಬ ಸಾಲು ಸಾಲಾಗಿ ಹೆಸರು ಬಂತು. ರತ್ನ, ರತ್ನ, ರತ್ನ, ಮೇಲಿಂದ ಕೆಳಗಿನವರೆಗೆ ನನ್ನ ಹೆಸರು. ಓದು ಎಂದವರನ್ನು ಸಾಕು ಎಂದು ಯಾರೂ ಹೇಳಿರಲಿಲ್ಲ, ಮಕ್ಕಳು ಅದನ್ನೂ ಕೂಗಿ ಓದಿದರು.

"ನಾನಲ್ಲ ಸಾರ್" ಎಂದೆ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಅಧ್ಯಕ್ಷರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೋಮವಾರ ಬಂದು ಬೀಗದ ಕೈ ಕೊಟ್ಬುಟ್ ಓಗು" ಎಂದರು.

ಮರುದಿನ ಭಾನುವಾರ. ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇತ್ತಲ್ಲ, ಮಂಡಿಯ ಮೇಲೆ ಹೋಗಿ ಕೂತೆ. ಆ ವಾಕ್ಯ ಯಾರದೆಂದು ನನಗೆ ಓದಿದ ಕೂಡಲೇ ಗೊತ್ತಾಗಿತ್ತು. ಅಷ್ಟು ಚೊಕ್ಕವಾಗಿ ಬೈಯಲು ನಮ್ಮ ಪೈಕಿ ಒಬ್ಬರಿಗೇ ಬರುತ್ತಿದ್ದದ್ದು. ಆದರೆ ಗೊತ್ತಿದ್ದರೆ ಸಾಕೇ, ತೋರಿಸಬೇಕಲ್ಲ. ಮಾದೇವ ಹೇಳಿದ್ದ ಮಾತು ನೆನಪಿತ್ತು, ನನ್ನ ಹತ್ತಿರವೂ ಪೂರ್ತಿ ಇದೆ. ಸಹಾಯದ ಪುಟಗಳನ್ನು ಹುಡುಕುತ್ತಾ ಹೋದೆ, ಮಾದೇವ ಮರೆತಿದ್ದ ಸೆಟ್ಟಿಂಗಿನ ವಿಷಯ ಅಲ್ಲಿ ಸಿಕ್ಕಿತು. ಖಾಲಿ ಜಾಗ, ಸಾಲಿನ ಕೊನೆ ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಡ ಎಂದು ಗಿಟ್‌ಗೆ ಹೇಳುವ ದಾರಿ ಒಂದಿತ್ತು. ಉದ್ಘಾಟನೆಯಲ್ಲಿ ಮಾದೇವ ಒತ್ತಿದ್ದ ಆಜ್ಞೆಗೇ ಒಂದು ಅಕ್ಷರ ಸೇರಿಸಿದರೆ ಆಯಿತು. ಸೇರಿಸಿ ಒತ್ತಿದೆ. ರತ್ನ ಎಂಬ ಹೆಸರುಗಳು ಎರಡು ಸಾಲಿಗೆ ಇಳಿದವು. ಕಸದ ಬುಟ್ಟಿಯ ಸಾಲಿನ ಮುಂದೆ ನಂಜುಂಡಯ್ಯ ಎಂದಿತ್ತು.

ಆ ಗಳಿಗೆಯಲ್ಲೇ ಬಸ್ಸು ಹಿಡಿದು ಮೇಷ್ಟ್ರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತಿದ್ದರು, ನನ್ನ ಮುಖ ನೋಡಿಯೇ ತಿಳಿದುಕೊಂಡರು.

"ಸಿಟ್ಟು ಬಂದಿತ್ತು ಕಣಮ್ಮಿ. ಬರೆದೆ. ನಾಳೆ ಅಳಿಸೋಣ ಅಂತಿದ್ದೆ, ಮರ್ತೋಯ್ತು."

"ನನ್ ಕೆಲ್ಸ ಓದ್ರೆ ನನ್ನ ಮಾವುಂಗೆ ಕಟ್ತಾರೆ ಮೇಷ್ಟ್ರೆ. ನಿಮ್ಗೆ ಗೊತ್ತಲ್ವ."

"ಗೊತ್ತು ಕಣಮ್ಮ. ನಾನೇ ಹೋಗಿ ಹೇಳ್ತೀನಿ. ನೀನು ಧೈರ್ಯವಾಗಿರು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಅವರ ಕಾಲಿಗೆ ನಮಸ್ಕಾರ ಮಾಡಿ ಬಂದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮೇಷ್ಟ್ರು ಮಾತಿಗೆ ತಪ್ಪಲಿಲ್ಲ. ಸೋಮವಾರ ನಾನು ಕಂಪ್ಯೂಟರಿನಲ್ಲಿ ಆ ಪುಟ ತೆರೆದಿಟ್ಟುಕೊಂಡು ಕಾಯುತ್ತಿದ್ದಾಗ ಗುರುಮಲ್ಲಪ್ಪನವರು ಮೆಟ್ಟಿಲು ಹತ್ತಿ ಬಂದು, ಕುರ್ಚಿ ಎಳೆದುಕೊಂಡು, ನನಗೂ ಒಂದು ಕಾಫಿ ತರಿಸಿದರು. ತೆರೆಯ ಕಡೆ ನೋಡಲಿಲ್ಲ.

"ಅದ್ನ ಮುಚ್ಚವ್ವ. ಮೇಷ್ಟ್ರು ನೆನ್ನೆ ಸಾಯಂಕಾಲ್ವೇ ಬಂದು ಏಳ್ಬುಟ್ರು."

ನನಗೆ ಎದ್ದು ಕುಣಿಯಬೇಕು ಅನ್ನಿಸಿತು. "ಅಂಗಾರೆ ಸಾರ್..." ಎಂದೆ.

"ಅಂಗಾರೆ ಏನಿಲ್ಲ. ನೀನ್ ಬರ್ದಿದ್ರೆ ಅದು ಉಡುಗಾಟ. ಉಡ್ಗಿಗೆ ಬುದ್ಧಿ ಇರ್ನಿಲ್ಲ, ಮನೆಗ್ ಕಳ್ಸುದ್ರು ಅಂದ್ಕಂಡು ಜನ ನಾಕ್ ದಿನ ನಗಾಡಿ ಮರ್ತೋಯ್ತರೆ. ಮೇಷ್ಟ್ರು ಬರ್ದ್ರು ಅಂದ್ರೆ ಅದು ನಿಜ ಆಗೋಯ್ತದೆ. ನನ್ಗೆ ಅಕ್ಷರ ಕಲ್ಸಿದೋರು ನನ್ನೇ ಕಸ ಅಂದ್ಮೇಲೆ ನಾನು ತಲೆ ಎತ್ಕಂಡು ತಿರ್ಗದೆಂಗೆ?"

"ನನ್ ಗತಿ ಸಾರ್?"

"ನಿನ್ಗೇನಮ್ಮಿ. ಮಾವ ಕಾಯ್ತಾ ಕೂತವ್ನೆ ಅಂತ ನಿಮ್ಮಪ್ಪ ಏಳ್ದ. ಒಳ್ಳೆ ಕೆಲ್ಸಾನೇ ಆಯ್ತು ಅಂದ್ಕೊ. ಮದ್ವೆಗೆ ನಾನೂ ಬತ್ತೀನಿ." ಕಾಫಿ ಆರುತ್ತದೆ ಕುಡಿ ಎಂದು ಲೋಟವನ್ನು ನನ್ನ ಕಡೆ ತಳ್ಳಿದರು.

ಸ್ವಲ್ಪ ಹೊತ್ತಿಗೆ ಮಾದೇವ ಬಂದ. ನನ್ನ ಕಡೆ ನೋಡದೆ ಕೀಬೋರ್ಡ್ ಎಳೆದುಕೊಂಡ. ಸೆಟ್ಟಿಂಗ್ ಮರೆತದ್ದು ಅವನೇ ಎಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತು ಎಂದು ಅವನಿಗೆ ಗೊತ್ತಿತ್ತು. ಅಧ್ಯಕ್ಷರ ಎದುರಿಗೆ ಅವನು ಅದರ ಸುದ್ದಿ ಎತ್ತಲಿಲ್ಲ. ನನ್ನ ಕಾಪಿಯನ್ನು ಅಳಿಸುತ್ತೀನಿ ಎಂದ.

"ಅಳಿಸ್ಬುಟ್ರೆ ನಾನ್ ಮಾಡಿದ್ದೆಲ್ಲ?" ಎಂದೆ.

"ಏನೂ ಓಗಕ್ಕಿಲ್ಲ ಕಣಮ್ಮಿ. ನಮ್ಮಿಬ್ರು ತಾವ ಪೂರ್ತಿ ಅದೆ. ನೀನ್ ಇಲ್ದಿದ್ರೂ ಕೆಲ್ಸ ನಡೀತದೆ."

ಸಮಾಧಾನ ಮಾಡುತ್ತಿದ್ದೇನೆ ಎಂದೇ ಅವನು ತಿಳಿದುಕೊಂಡಿದ್ದ ಅಂತ ಕಾಣುತ್ತದೆ.

ಕಾರ್ತಿಕ ಕಳೆಯುವ ಮೊದಲೇ ಮದುವೆಯಾಯಿತು. ಗುರುಮಲ್ಲಪ್ಪನವರು ಬಂದು ಒಂದು ಕುಕ್ಕರ್ ಕೊಟ್ಟರು. ಅದರ ಗ್ಯಾಸ್ಕೆಟ್ ಬದಲಾಯಿಸಿಕೊಂಡು ಇವತ್ತಿಗೂ ಅದರಲ್ಲೇ ಬೇಳೆ ಬೇಯಿಸುತ್ತೇನೆ. ಬಸವಣ್ಣ ಮಾವ ನನ್ನನ್ನು ಒಂದು ದಿನವೂ ಬೈದವರಲ್ಲ, ಹೊಡೆದವರಲ್ಲ. ಮೊದಲ ರಾತ್ರಿ ನಾನು ಅಳುತ್ತಿದ್ದಾಗ ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೇ ಟವೆಲ್ ತೆಗೆದು ನನ್ನ ಮೂಗು ಒರೆಸಿದರು. ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು.

ಇರಲಿ. ಆರಾಧನೆಯ ದಿನದ ಮಾತಿಗೆ ಬರುತ್ತೇನೆ. ಸೀನಿ ಮುಗಿಸಿ ಪಂಕ್ತಿಯಲ್ಲಿ ಕೂತೆ. ಎದುರು ಸಾಲಿನಲ್ಲಿ ಗುರುಮಲ್ಲಪ್ಪನವರು ಕೂತಿದ್ದರು, ಹಲ್ಲೆಲ್ಲ ಉದುರಿ ಮುದುಕರಾಗಿದ್ದರು. ಅವರಿಗೆ ಎರಡು ಎಲೆ ಆಚೆ ಮಾದೇವ, ಹೊಟ್ಟೆ ಬಂದಿತ್ತು. ಊಟಕ್ಕೆ ಮೊದಲು ಅಧ್ಯಕ್ಷರು ಎದ್ದು ನಿಂತು ಗುರುವಿನ ಗುಣಗಾನ ಮಾಡಿದ್ದರು. ಮೇಷ್ಟ್ರು ತಮಗೆ ಒಂದು ದಿನವೂ ಒಂದು ಕೆಟ್ಟ ಮಾತು ಆಡಿದವರಲ್ಲವಂತೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಉಂಡು ಎದ್ದು ಬರುತ್ತಿದ್ದೆ. ನನ್ನ ಗುರುತು ಹಿಡಿದು ಪಕ್ಕದವರಿಗೆ ಬೆರಳು ಮಾಡಿ ತೋರಿಸಿದರು.

"ಇವ್ಳೇ ನೋಡಿ, ನನ್ನೇ ಕಸ ಅಂದೋಳು. ಇಸ್ಕೂಲ್ ಮಕ್ಳ ಕೈಲಿ ಕೂಗ್ಸುದ್ಲು. ಅವತ್ತು ಒಪ್ಕೊನಿಲ್ಲ. ಈಗ್ಲಾರ ಮೇಷ್ಟ್ರು ಮುಂದೆ ಒಪ್ಕೊಳವ್ವ."

ಸುತ್ತಲಿನವರೆಲ್ಲ ನಕ್ಕರು. ಎಷ್ಟು ವರ್ಷದಿಂದ ಎಷ್ಟು ಮದುವೆ, ಎಷ್ಟು ತಿಥಿಗಳಲ್ಲಿ ಈ ಕತೆ ಹೇಳಿ ನಗಿಸಿದ್ದರೋ. ನಾನು ಅನ್ನದ ಕೈಯನ್ನು ಎಲೆಯ ಮೇಲೆ ಹಾಗೇ ಬಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ನಾನಲ್ಲ ಸಾರ್. ಬರ್ದೋರು ಅಲ್ಲಿ ಅವ್ರೆ, ಫೋಟೋದಲ್ಲಿ. ಮೇಷ್ಟ್ರೇ ಬರ್ದಿದ್ದು. ಅವ್ರು ಬರ್ದ್ರೆ ನಿಜ ಆಗೋಯ್ತದೆ ಅಂತ ಮಂಡಿ ಮೇಲೆ ಕೂತ್ಕಂಡು ನೀವೇ ಅಂದ್ರಲ್ಲ."

ನಗು ನಿಂತಿತು. ಗುರುಮಲ್ಲಪ್ಪನವರು "ಸುಳ್ಳು ಏಳ್ತಾವ್ಳೆ" ಎಂದು ಪಕ್ಕದವರ ಕಡೆ ತಿರುಗಿದರು.

"ಏಳ್ಲಾ ಮಾದೇವ" ಎಂದೆ. "ನನ್ದು ನೀನೇ ಅಳಿಸ್ಬುಟ್ಟೆ. ನಿನ್ ತಾವ ಪೂರ್ತಿ ಅದೆಯಲ್ಲ."

ಎಲ್ಲರೂ ಮಾದೇವನ ಕಡೆ ನೋಡಿದರು. ಅವನು ಎಲೆಯಿಂದ ತಲೆ ಎತ್ತಲಿಲ್ಲ. ಸುಳ್ಳು ಎಂದೂ ಅನ್ನಲಿಲ್ಲ. ಅನ್ನವನ್ನು ಕಲಸುತ್ತಲೇ ಇದ್ದ. ಗುಂಡ್ಲುಪೇಟೆಯ ಜನಕ್ಕೆ ಅಷ್ಟು ಸಾಕು.

ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುವ ಮೊದಲು ಯಾರೂ ಏಳುವುದಿಲ್ಲ. ಗುರುಮಲ್ಲಪ್ಪನವರು ಎದ್ದರು. ಮೊಮ್ಮಗನೊಬ್ಬ ತೋಳು ಹಿಡಿದುಕೊಂಡ, ಗುರುವಿನ ಫೋಟೋದ ಕಡೆ ಕಣ್ಣೆತ್ತದೆ ಚಪ್ಪಲಿ ಹುಡುಕುತ್ತಾ ಹೊರಗೆ ಹೋದರು. ಮೇಷ್ಟ್ರ ಸೊಸೆ ಕಜ್ಜಾಯದ ಬುಟ್ಟಿ ಹಿಡಿದುಕೊಂಡು ನನ್ನ ಎಲೆಯ ಮುಂದೆ ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಮಾವನ ಆರಾಧನೆಯ ದಿನ ಆ ಹೆಣ್ಣುಮಗಳಿಗೆ ಅದು ಬೇಕಿರಲಿಲ್ಲ.

"ಆಕ್ಲಾ ಅಕ್ಕ?" ಎಂದಳು.

"ಎರಡು ಆಕವ್ವ" ಎಂದೆ. ಹಾಕಿದಳು. ಎರಡನ್ನೂ ತಿಂದು, ಕೈ ತೊಳೆದುಕೊಂಡು, ಮನೆಯವರಿಗೊಂದು ಕಟ್ಟಿಸಿಕೊಂಡು ಬಸ್ಸು ಹತ್ತಿದೆ.